ಸೀಳುಗೊರಸು

"ಇದು ಕುದುರೆಯ ಎಲುಬೇ. ನಮ್ಮ ಹಿರಿಯರು ಕುದುರೆ ಕಟ್ಟಿ ಆಳಿದವರು. ನೀವು ಅಷ್ಟು ಬರೆದುಕೊಟ್ಟರೆ ಸಾಕು," ಎಂದರು ಧರ್ಣಪ್ಪ ಧಣಿಗಳು.

೧೯೬೨ರ ಬೇಸಿಗೆ. ಲಾಯಿಲ ಎಂಬ ಊರಿನಲ್ಲಿ ಧಣಿಗಳ ಅಕ್ಕಿ ಗಿರಣಿಗೆ ಪಾಯ ತೋಡುವಾಗ ಬೂದಿ, ಮಡಕೆಚೂರು, ಎಲುಬು ಸಿಕ್ಕಿದ್ದವು. ಹಳೆಯ ಕಾಲದ ವಸ್ತುಗಳನ್ನು ಅಭ್ಯಾಸ ಮಾಡಿದ ಶಶಿಪ್ರಭಾ ಎಂಬವರನ್ನು ಧಣಿಗಳೇ ಧಾರವಾಡದಿಂದ ಕರೆಸಿದ್ದರು. ಪಾಯದ ಪಕ್ಕದ ಗುಡಿಸಲಿನ ವೆಂಕಪ್ಪ, ಅಜ್ಜನ ಅಜ್ಜನ ಕಾಲದಿಂದ ಇಲ್ಲೇ ಇದ್ದವರು ನಾವು ಎಂದು ಜಾಗ ಬಿಡದೆ ಕೂತಿದ್ದ. ಅವನನ್ನು ಎಬ್ಬಿಸಲು ಧಣಿಗಳಿಗೆ ಒಂದು ಅರಸು ಮನೆತನ ತುರ್ತಾಗಿ ಬೇಕಾಗಿತ್ತು. ನೋಡಲೆಂದು ಊರಿನ ಹಿರಿಯರನ್ನೂ ಕರೆದಿದ್ದರು.

ಶಶಿಪ್ರಭಾ ಎಲುಬಿನ ಮಣ್ಣು ಒರೆಸಿದರು. "ಕುದುರೆಗೆ ಒಂದೇ ಗೊರಸು. ಇದು ಸೀಳುಗೊರಸಿನದ್ದು. ಕೋಣ."

"ಉಳುವ ಕೋಣ ಇರಬಹುದು. ಬೇಸಾಯ ನಮಗೆ ಹೊಸತಲ್ಲ."

"ಉತ್ತದ್ದೂ ಹೌದು, ತಿಂದದ್ದೂ ಹೌದು. ಇಲ್ಲಿ ಕತ್ತಿಯ ಗೀರುಂಟು. ಮಜ್ಜೆಗಾಗಿ ಎಲುಬು ಸೀಳಿದ್ದಾರೆ. ಆ ಬೂದಿ ಒಲೆಯದ್ದು."

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಕೋಣ ತಿನ್ನುವವರು ತಮ್ಮ ನೆರಳೂ ಬೀಳದ ಹಾಗೆ ಅಂಗಳ ಸುತ್ತಿ ಹೋಗಬೇಕಾದ ಮನೆ ಧಣಿಗಳದ್ದು.

"ಹಾಗಾದರೆ ತಿಂದವರು ಯಾರೋ ಬೇರೆಯವರು," ಎಂದರು ಧಣಿಗಳು.

"ಇರಬಹುದು. ಆದರೆ ನಿಮಗಿಂತ ಮೊದಲು ಈ ಮಣ್ಣಿಗೆ ಮನುಷ್ಯರೇ ಕಾಲಿಟ್ಟಿಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದ್ದಲ್ಲವಾ? ತಿಂದವರು ಯಾರು ಅಂತ ಬರೆಯಲಿ?"

ಧಣಿಗಳು ದನಿ ತಗ್ಗಿಸಿದರು. "ಜಿಂಕೆ ಅಂತ ಆಗುವುದಿಲ್ಲವಾ? ಬೇಟೆ ಅರಸರದ್ದೇ ಅಲ್ಲವಾ?"

"ಅರಸರು ಬದಲಾಗುತ್ತಾರೆ. ಎಲುಬು ಬದಲಾಗುವುದಿಲ್ಲ."

ದೂರ ನಿಂತಿದ್ದ ವೆಂಕಪ್ಪ ಆಗ ಮುಂದೆ ಬಂದ. "ನಮ್ಮವರು ಅಂತ ಬರೆಯಿರಿ ಅಮ್ಮ. ಹಸಿದಾಗ ಕೋಣ ತಿಂದದ್ದಕ್ಕೆ ನಮಗೆ ನಾಚಿಕೆ ಇಲ್ಲ."

ಹಾಗೆ ಬರೆದರೆ ಜಾಗ ಅವನದ್ದು, ಬರೆಯದಿದ್ದರೆ ಕೋಣ ತಿಂದವರು ಧಣಿಗಳ ಅಜ್ಜಂದಿರು. ಹಿರಿಯರು ನೆಲ ನೋಡುತ್ತಿದ್ದರು. ಶಶಿಪ್ರಭಾ ಪೆನ್ನು ತೆರೆದು ಕಾಯುತ್ತಿದ್ದರು.

"ಗಿರಣಿ ಬೇರೆ ಕಡೆ ಕಟ್ಟುವ. ಏನೂ ಬರೆಯುವುದು ಬೇಡ," ಎಂದರು ಧಣಿಗಳು.

ಅವರು ಊಟಕ್ಕೂ ಹೋಗಲಿಲ್ಲ. ಆಳುಗಳು ಹೊಂಡ ಮುಚ್ಚುತ್ತಿದ್ದ ಹಾಗೆ, ಎಂದೂ ಕೆಸರು ಮುಟ್ಟದ ಮನುಷ್ಯ ಬರಿಗಾಲಲ್ಲಿ ಒಳಗಿಳಿದು ಆ ಮಣ್ಣನ್ನು ತುಳಿದು ತುಳಿದು ಗಟ್ಟಿ ಮಾಡುತ್ತಿದ್ದರು.