ತಪ್ಪಿಹೋದ ಪ್ರಶಸ್ತಿ

ಅವ್ವನ ಹೆಣದ ಮುಂದೆ ಕೂತಿದ್ದ ನಟಿ ಪ್ರಫುಲ್ಲಾಗೆ ಅಳು ಬರಲಿಲ್ಲ. ಯಾರಿಗೂ ಅದು ಹೊಸದಲ್ಲ. ಯಾವ ಭಾವಕ್ಕೆ ಪ್ರಶಸ್ತಿ ಬಂತೋ ಅದನ್ನು ವೇದಿಕೆಯಲ್ಲೇ ಅಕಾಡೆಮಿಗೆ ಒಪ್ಪಿಸಿ ಬರುವುದು ಚಿತ್ರರಂಗದ ಪದ್ಧತಿ. ವಿಧವೆಯ ಪಾತ್ರಕ್ಕೆ ಪ್ರಶಸ್ತಿ ಬಂದ ಸಂಜೆ ಅವಳ ಅಳು ಹೋಗಿತ್ತು. ಆಮೇಲೆ ಬಂದ ಪ್ರಶಸ್ತಿಗಳಿಗೆ ಸಿಟ್ಟು, ಭಯ, ಮಮತೆ ಎಲ್ಲವೂ ಹೋದವು.

“ಕಣ್ಣಿಗೆ ಗ್ಲಿಸರಿನ್ ಹಾಕ್ಲಾ ಅಕ್ಕಾ? ಜನ ನೋಡ್ತಾವ್ರೆ,” ಎಂದು ಮೇಕಪ್ಪಿನ ಜಯಮ್ಮ ಕಿವಿಯಲ್ಲಿ ಕೇಳಿದಳು.

“ಬೇಡ ಬಿಡು. ಹಾಸ್ಯಪಾತ್ರಕ್ಕೆ ಬರೀ ನಾಮಿನೇಷನ್ ಆಗಿ ಪ್ರಶಸ್ತಿ ತಪ್ಪೋಯ್ತಲ್ಲ, ಅವತ್ತು ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದ್ಳು. ‘ಸದ್ಯ, ನಗುವಾದ್ರೂ ಮನೇಲಿ ಉಳೀತು’ ಅಂದ್ಳು.”

ಪ್ರಫುಲ್ಲಾ ಅವ್ವನ ಬಾಯಿಗೆ ಅಕ್ಕಿಕಾಳು ಹಾಕಿದಳು. ಆಮೇಲೆ ನೆರೆದವರೆಲ್ಲರ ಎದುರು, ಅವ್ವನ ಮುಖವನ್ನೇ ನೋಡುತ್ತಾ, ಉಸಿರು ಕಟ್ಟುವವರೆಗೆ ನಕ್ಕಳು.