ಇಡ್ಲಿ ಸುತ್ತಿದ ಫಾಯಿಲ್

ಒತ್ತಡ ತೋರಿಸುವ ಮುಳ್ಳು ಮೆಲ್ಲನೆ ಏರತೊಡಗಿದಾಗ ಮೋನಪ್ಪ ಮೊಬೈಲ್ ತೆಗೆದರು. "ಗ್ಯಾಸ್ ದಾಟ್ತಾ ಉಂಟಲ್ಲ. ಚಲೋ, ಈ ಹಾಳೆಯ ಪೌಚಿಗೆ ಆರ್ಡರ್ ಹೇಳ್ತೇನೆ." ಜನಕಪುರಿಯ ಅವರ ಹೋಟೆಲಿನ ದೋಸೆಹಿಟ್ಟಿನ ಪ್ಯಾಕೆಟ್‌ಗಳು ಗ್ಯಾಸ್ ತುಂಬಿ, ಉಬ್ಬಿ, ಗಿರಾಕಿಗಳ ಫ್ರಿಜ್ಜಿನಲ್ಲೇ ಒಡೆದಿದ್ದವು. ಇನ್ನೊಮ್ಮೆ ಒಡೆದರೆ ಯಾರೂ ಕೊಳ್ಳುವುದಿಲ್ಲ. ಆ ಗ್ಯಾಸನ್ನು ಹೊರಬಿಡುವ ಹೊಸ ಪ್ಲಾಸ್ಟಿಕ್ ಹಾಳೆಯನ್ನು ಮಗಳು ನಿಶ್ಮಿತಾ ಫರೀದಾಬಾದಿನ ತನ್ನ ಲ್ಯಾಬಿನಲ್ಲಿ ಪರೀಕ್ಷಿಸುತ್ತಿದ್ದಳು. ಹಾಳೆಯ ಒಂದು ಬದಿಗೆ ಗ್ಯಾಸ್ ಬಿಟ್ಟರೆ, ಅದು ದಾಟಿ ಬಂದಷ್ಟೂ ಇನ್ನೊಂದು ಬದಿಯ ಮುಳ್ಳು ಏರುತ್ತಿತ್ತು.

"ಏಕ್ ಮಿನಿಟ್ ಅಪ್ಪ. ಅಂಚಲ್ಲಿ ಲೀಕ್ ಇದ್ರೂ ಹೀಗೇ ಏರ್ತದೆ. ಹಾಳೆ ತೆಗೆದು, ಗ್ಯಾಸ್ ದಾಟದ ಫಾಯಿಲ್ ಇಟ್ಟು ನೋಡ್ಬೇಕು. ಇಲ್ಲಿ ಖಾಲಿಯಾಗಿದೆ, ನಾಳೆ ತರಿಸ್ತೇನೆ."

"ಅಮ್ಮನದ್ದೇ ಹಠ ನಿಂದು," ಎಂದರೂ ಮೋನಪ್ಪ ಮೊಬೈಲ್ ಕೆಳಗಿಟ್ಟರು. ಅವಳ ಊಟಕ್ಕೆಂದು ತಂದಿದ್ದ ಇಡ್ಲಿಯ ಫಾಯಿಲ್ ಬಿಚ್ಚಿ, ಒರೆಸಿ, ಚಮಚದ ಬೆನ್ನಿನಿಂದ ಒಂದೊಂದೇ ಸುಕ್ಕು ತೀಡಿ ಕೊಟ್ಟರು. ಇಡ್ಲಿ ಆರದಂತೆ ತಟ್ಟೆ ಮುಚ್ಚಿದರು.

ನಿಶ್ಮಿತಾ ಅದನ್ನು ಎರಡು ಪದರ ಮಾಡಿ ಹಾಳೆಯ ಜಾಗದಲ್ಲಿ ಬಿಗಿದು ಗ್ಯಾಸ್ ಬಿಟ್ಟಳು. ಇಬ್ಬರೂ ಕಾದರು. ಮುಳ್ಳು ಕದಲಲಿಲ್ಲ.

"ಕೆಟ್ಟಿತಾ ಮಗಾ?" ಮೋನಪ್ಪನವರ ಮುಖ ಸಣ್ಣದಾಯಿತು.

"ಇಲ್ಲ ಅಪ್ಪ, ಅಂಚು ಗಟ್ಟಿ ಇದೆ. ಆಗ ಗ್ಯಾಸ್ ದಾಟಿದ್ದು ಹಾಳೆಯಿಂದಲೇ." ಅವಳು ಮೊಬೈಲನ್ನು ಅವರ ಕೈಗಿತ್ತಳು. "ಈಗ ಆರ್ಡರ್ ಹೇಳಿ."