ನಕ್ಷೆಗೆ ಕಾಣದ ತೋಡು

"ಇದರಲ್ಲಿ ನಮ್ಮ ತೋಡು ಎಲ್ಲುಂಟು ಮೇಡಂ?"

ಕಾಡಿನ ಹೊಸ ನಕ್ಷೆ ಮಾಡಲು ಬಂದಿದ್ದ ಸರ್ವೆಯರ್ ವಿಜೇತಾ ಟ್ಯಾಬ್‌ನ ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಬೆಳ್ತಂಗಡಿಯಾಚೆಯ ಘಟ್ಟದ ಬುಡ ಪೂರ್ತಿ ಹಸಿರು. ಆಕಾಶದಿಂದ ತೆಗೆದ ಚಿತ್ರಕ್ಕೆ ಮರಗಳ ತಲೆ ಮಾತ್ರ ಕಂಡಿತ್ತು, ಅಡಿಯಲ್ಲಿ ಹರಿಯುವ ಹಳ್ಳ ಕಂಡಿರಲಿಲ್ಲ.

"ಇಲ್ಲ ಲೋಲಾಕ್ಷಕ್ಕ. ಮ್ಯಾಪಿನಲ್ಲಿ ತೋಡೇ ಇಲ್ಲ."

"ಅದಕ್ಕೇ, ದಾಟಲು ಕಾಲುಸಂಕ ಬೇಕು ಅಂತ ಕೊಟ್ಟ ಅರ್ಜಿ ವಾಪಸು ಬಂದದ್ದು. ತೋಡು ಇಲ್ಲದಲ್ಲಿ ಸಂಕ ಯಾಕೆ ಅಂತ ಬರೆದಿದ್ದಾರೆ ಮಾರಾಯ್ರೆ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೆ ದೇವಸ್ಥಾನವೇ ಕಂಡಿರಲಿಲ್ಲ. ಕಳೆದ ಆಟಿಯ ಮಳೆಯಲ್ಲಿ, ಎದೆನೋವು ಬಂದ ಲೋಲಾಕ್ಷಿಯ ಗಂಡ ಗುರುವಪ್ಪನನ್ನು ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ಹೊರಟವರು ಈ ತೋಡಿನ ದಡದಲ್ಲಿ ನಿಲ್ಲಬೇಕಾಯಿತು. ನೆರೆ ಇಳಿಯಲು ಐದು ಗಂಟೆ ಹಿಡಿಯಿತು. ಗುರುವಪ್ಪ ಅಷ್ಟು ಹೊತ್ತು ಕಾಯಲಿಲ್ಲ. ಅವಳ ಸಿಟ್ಟು ಇನ್ನೂ ಆರಿಲ್ಲ.

ಇಬ್ಬರೂ ತೋಡಿಗೆ ಇಳಿದರು. ಜಿಪಿಎಸ್ ಹಿಡಿದು ಉದ್ದಕ್ಕೂ ನಡೆದರೆ ನಕ್ಷೆಯಲ್ಲಿ ಗೆರೆ ಬೀಳುತ್ತದೆ ಎಂದು ವಿಜೇತಾ ಅಂದುಕೊಂಡಿದ್ದಳು. ಮರಗಳ ಅಡಿಯಲ್ಲಿ ಯಂತ್ರ ಸುಮ್ಮನೆ ಮಿಣುಕುತ್ತಿತ್ತು.

"ಸಿಗ್ನಲ್ ಸಿಗುವುದಿಲ್ಲ ಅಕ್ಕ. ಇದಕ್ಕೆ ಆಕಾಶ ಕಾಣಬೇಕು."

"ಆಕಾಶ ತಾನೆ? ಕೊಡಿ ಇಲ್ಲಿ. ಯಾವ ಬಟನ್ ಒತ್ತಬೇಕು, ಅಷ್ಟು ಹೇಳಿ."

ಐವತ್ತೆರಡರ ಲೋಲಾಕ್ಷಿ ಸೀರೆ ಎತ್ತಿ ಕಟ್ಟಿದಳು. ಕಾಡುಬಳ್ಳಿ ಸುತ್ತಿ ಕಾಲಿಗೆ ಮರ ಏರುವ ತಳೆ ಮಾಡಿಕೊಂಡು, ಯಂತ್ರವನ್ನು ಸೊಂಟಕ್ಕೆ ಬಿಗಿದು, ದಡದ ಬೈನೆ ಮರವನ್ನು ಸರಸರನೆ ಏರತೊಡಗಿದಳು.

"ಅಯ್ಯೋ, ಬೀಳ್ತೀರಿ! ಇಳೀರಿ ಅಕ್ಕ!" ವಿಜೇತಾ ಮರದ ಬುಡಕ್ಕೆ ಓಡಿದಳು.

"ಅವರು ಹೋದ ಮೇಲೆ ತೆಂಗಿನಕಾಯಿ ಕೀಳುವವಳು ನಾನೇ. ನೀವು ಮುಂದಿನ ಮರ ನೋಡಿಡಿ!"

ತೋಡು ತಿರುಗಿದಲ್ಲೆಲ್ಲ ಒಂದು ಮರ ಏರಿ ಬಟನ್ ಒತ್ತಿ ಇಳಿಯುತ್ತಾ ಹೋದಳು. ಹನ್ನೊಂದನೆಯ ಮರ ಇಳಿಯುವಾಗ ಅಂಗೈ ಸುಲಿದು ಹೋಗಿತ್ತು. ಸಾಕು ಎಂದು ವಿಜೇತಾ ಎರಡು ಸಲ ಹೇಳಿದರೂ ಅವಳು ಕೇಳಲಿಲ್ಲ. ಕೊನೆಯ ತಿರುವನ್ನೂ ಮುಗಿಸಿಯೇ ಕುಳಿತಳು.

ವಿಜೇತಾ ಚುಕ್ಕಿಗಳನ್ನೆಲ್ಲ ಜೋಡಿಸಿದಳು. ಹಸಿರಿನ ನಡುವೆ ನೀಲಿ ಗೆರೆಯೊಂದು ಮೂಡಿತು.

"ನೋಡಿ ಅಕ್ಕ, ನಿಮ್ಮ ತೋಡು!"

ಲೋಲಾಕ್ಷಿ ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಇಷ್ಟು ಸಪೂರವಾ? ದಪ್ಪ ಮಾಡಿ ಮೇಡಂ. ಇದನ್ನು ನೋಡಿದರೆ, ಹಾರಿ ದಾಟಿ ಅಂತ ಬರೀತಾರೆ."